ಅರೆನಿದ್ದೆಯ ಹೂಂ

ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಯುಲಿಯಾನ್ ಉಪ್ಪಿನಲ್ಲಿ ಹಾಕಿಟ್ಟ ಎಳೆ ಶುಂಠಿಯ ಒಂದು ಹೋಳನ್ನು ಬಾಯಿಗಿಟ್ಟುಕೊಂಡು, ಬಿಸಿನೀರಿನ ಲೋಟ ಹಿಡಿದು, ಅಡುಗೆಮನೆಯ ಕಿಟಕಿಯ ಹತ್ತಿರ ನಿಲ್ಲುತ್ತಾಳೆ. ಆ ಹೋಳು ಮುಗಿಯುವವರೆಗೆ ಅವಳು ಯಾರೊಡನೆಯೂ ಮಾತಾಡುವುದಿಲ್ಲ. ತೊಂಗ್‌ಲಿಂಗ್ ಊರಿನಲ್ಲಿ ಬೆಳಗಿನ ಶುಂಠಿ ಎಲ್ಲರ ಮನೆಯಲ್ಲೂ ಇದ್ದದ್ದೇ. ಅದನ್ನು ಮಾತಿಲ್ಲದೆ ತಿನ್ನುವುದು ಮಾತ್ರ ಅವಳೊಬ್ಬಳದೇ ಪದ್ಧತಿ. ಮಗಳ ಮದುವೆಯ ದಿನ ಮನೆ ತುಂಬ ನೆಂಟರು ಸೇರಿ, ಸೂಜಿ ಎಲ್ಲಿ ಎಂದು ಒಬ್ಬರು, ಕೆಂಪು ಚಾದರ ಎಲ್ಲಿ ಎಂದು ಇನ್ನೊಬ್ಬರು ಕೂಗಾಡುತ್ತಿದ್ದಾಗಲೂ ಅವಳು ಹಾಗೇ ಕಿಟಕಿಗೆ ಮುಖಮಾಡಿ ನಿಂತಿದ್ದಳು. ಗಂಡ ಫಾಂಗ್, ಬಂದವರಿಗೆಲ್ಲ ಸ್ವಲ್ಪ ತಡೆಯಿರಿ, ಮಹಾರಾಣಿಯವರು ಇನ್ನೂ ಶುಂಠಿಯಲ್ಲಿದ್ದಾರೆ ಎಂದು ಹೇಳಿ ನಗಿಸಿದ್ದ.

ಕಿಟಕಿಯ ಆಚೆ ಯಾಂಗ್ಟ್ಸಿ ನದಿ. ಮಂಜು ಬಿದ್ದ ದಿನ ನದಿ ಕಾಣುವುದಿಲ್ಲ, ಕೇಳಿಸುತ್ತದೆ. ಮರಳು ಹೊತ್ತ ದೋಣಿಯೊಂದು ಮೇಲಿನಿಂದ ಕೂಗುತ್ತದೆ; ಬಹಳ ಹೊತ್ತಾದ ಮೇಲೆ ಕೆಳಗಿನಿಂದ ಇನ್ನೊಂದು ಉತ್ತರ ಕೊಡುತ್ತದೆ. ನೀನು ಇದ್ದೀಯಾ ಎಂದು ಒಂದು, ಇದ್ದೇನೆ ಎಂದು ಇನ್ನೊಂದು. ನಡುವೆ ಇರುವುದೆಲ್ಲ ಬಿಳುಪು. ಆ ಬಿಳುಪಿನೊಳಗೆ ಕಿವಿ ಇಟ್ಟು ನಿಂತರೆ ದಿನದ ಉಳಿದ ಹೊತ್ತಿಗೆ ಕಿವಿ ತೊಳೆದ ಹಾಗಾಗುತ್ತದೆ ಎಂದು ಅವಳ ನಂಬಿಕೆ. ಆಸ್ಪತ್ರೆಯಲ್ಲಿ ಅವಳಿಗೆ ಬೇಕಾದದ್ದು ಅದೇ.

ಆ ಆಸ್ಪತ್ರೆಯ ಹೆಂಗಸರ ವಿಭಾಗದಲ್ಲಿ ಅವಳು ನರ್ಸಾಗಿ ಸೇರಿ ಕೂದಲು ಅರ್ಧ ಬೆಳ್ಳಗಾಗಿತ್ತು. ಬಹಳ ವರ್ಷ ಆಪರೇಷನ್ ಕೋಣೆಯೊಳಗೇ ಇದ್ದಳು. ಗರ್ಭ ತೆಗೆಸಿಕೊಳ್ಳಲು ಬಂದ ಹೆಂಗಸು ಬೆಳಿಗ್ಗೆ ಬರುತ್ತಾಳೆ, ಕಾಗದಕ್ಕೆ ಸಹಿ ಹಾಕುತ್ತಾಳೆ, ಕೈಗೆ ಸೂಜಿ ಚುಚ್ಚಿದೊಡನೆ ನಿದ್ದೆ ಹೋಗುತ್ತಾಳೆ. ಎಚ್ಚರವಾದಾಗ ಪಕ್ಕದ ಉದ್ದ ಕೋಣೆಯಲ್ಲಿ ಇರುತ್ತಾಳೆ. ಮನೆಯವರು ಫ್ಲಾಸ್ಕಿನಲ್ಲಿ ತಂದ ಶುಂಠಿ, ಕೆಂಪು ಸಕ್ಕರೆಯ ಬಿಸಿ ಕಷಾಯ ಕುಡಿದು, ತಲೆಗೆ ಬಟ್ಟೆ ಕಟ್ಟಿಕೊಂಡು, ಗರ್ಭ ಹೋದವರು ಕೆಲವು ದಿನ ಹಿಡಿಯುವ ಚಿಕ್ಕ ಬಾಣಂತನಕ್ಕೆಂದು ಮನೆಗೆ ಹೋಗಿಬಿಡುತ್ತಾಳೆ. ಬಂದದ್ದೂ ಕನಸಿನಲ್ಲಿ, ಹೋದದ್ದೂ ಕನಸಿನಲ್ಲಿ ಎಂಬ ಹಾಗೆ. ಮತ್ತೆ ಇಲ್ಲಿಗೆ ಬರಬೇಕಾಗದ ಹಾಗೆ ಏನು ಮಾಡಬೇಕು ಎಂದು ಅವಳೂ ಕೇಳುತ್ತಿರಲಿಲ್ಲ, ಇವರೂ ಹೇಳುತ್ತಿರಲಿಲ್ಲ. ಕುಟುಂಬ ಯೋಜನೆ ಎನ್ನುವುದು ಬೇರೆ ಬೀದಿಯ ಬೇರೆ ಕಚೇರಿಯ ಕೆಲಸವಾಗಿತ್ತು. ಆ ಕಚೇರಿಯ ಮುಂದೆ ಹಾದುಹೋಗುವಾಗ ವಯಸ್ಸಾದ ಹೆಂಗಸರು ಈಗಲೂ ಹೆಜ್ಜೆ ಚುರುಕು ಮಾಡುತ್ತಿದ್ದರು.

ಒಂದು ಚಳಿಗಾಲದಲ್ಲಿ ವಿಭಾಗದ ಮುಖ್ಯಸ್ಥೆ ಡಾಕ್ಟರ್ ತಾವೊ ಯಾವುದೋ ಸಭೆಗೆಂದು ಹೆಫೈ ನಗರಕ್ಕೆ ಹೋಗಿ ಬಂದರು. ಬಂದವರೇ, ಇನ್ನು ಮುಂದೆ ಎರಡೂ ಒಂದೇ ಸೂರಿನ ಕೆಳಗೆ ಎಂದರು. ಗರ್ಭ ತೆಗೆಸಿಕೊಂಡ ಹೆಂಗಸು ಮನೆಗೆ ಹೋಗುವ ಮುಂಚೆ ಯಾರಾದರೂ ಅವಳ ಜೊತೆ ಕೂತು ಮಾತಾಡಬೇಕು. ಏನೇನು ಉಪಾಯಗಳಿವೆ ಎಂದು ತೋರಿಸಬೇಕು. ಬೇಕೆಂದರೆ ಅವತ್ತೇ ಕೊಡಬೇಕು. ಡಾಕ್ಟರ್ ತಾವೊ ಒಳ್ಳೆಯವರು, ಆದರೆ ಕೂತು ಚಹಾ ಕುಡಿದದ್ದನ್ನು ಯಾರೂ ಕಂಡಿರಲಿಲ್ಲ. ಕೂರುವ ಕೆಲಸ ಯುಲಿಯಾನಳ ಪಾಲಿಗೆ ಬಂತು. ಅವಳಿಗೆ ಒಂದು ಮೇಜು, ಮೂರು ಕುರ್ಚಿ, ಪ್ಲಾಸ್ಟಿಕ್ಕಿನ ಗರ್ಭಕೋಶದ ಬೊಂಬೆ ಕೊಟ್ಟರು. ಗುಳಿಗೆ, ಕಾಂಡೋಮು, ಗರ್ಭಕೋಶದೊಳಗೆ ಇಡುವ ವಂಕಿ, ತೋಳಿನ ಚರ್ಮದ ಕೆಳಗೆ ಇಡುವ ಪುಟ್ಟ ಕಡ್ಡಿ, ಇವುಗಳ ಮಾದರಿಗಳನ್ನು ಅವಳು ಹಬ್ಬದ ಸಿಹಿ ತಿಂಡಿಯ ಖಾಲಿ ಡಬ್ಬಿಯೊಂದರಲ್ಲಿ ಜೋಡಿಸಿಕೊಂಡಳು. ಮುಚ್ಚಳದ ಮೇಲೆ ಚಂದ್ರ ಮತ್ತು ಮೊಲದ ಚಿತ್ರವಿತ್ತು.

ಮೇಜನ್ನು ಹೆಂಗಸರು ಎಚ್ಚರವಾಗುವ ಆ ಉದ್ದ ಕೋಣೆಯ ಮೂಲೆಯಲ್ಲಿಟ್ಟರು. ಎಲ್ಲರಿಗೂ ಸರಿ ಎನಿಸಿದ ಜಾಗ ಅದು. ಹೆಂಗಸು ಹೇಗೂ ಅಲ್ಲಿ ಸ್ವಲ್ಪ ಹೊತ್ತು ಮಲಗಿರಲೇಬೇಕು. ಆ ಹೊತ್ತು ಯಾಕೆ ದಂಡವಾಗಬೇಕು.

ಆ ಕೋಣೆಯಲ್ಲಿ ಯುಲಿಯಾನ್ ಮೊದಲು ಕೇಳಿಸಿಕೊಂಡದ್ದು ಕನಸುಗಳನ್ನು. ಆ ಸೂಜಿಯ ನಿದ್ದೆ ಚಿಕ್ಕದು, ಆದರೆ ಕನಸಿನ ಬಣ್ಣ ಗಾಢ. ಎಚ್ಚರವಾಗುತ್ತಿದ್ದ ಹಾಗೆ ಹೆಂಗಸರು ಪಕ್ಕದಲ್ಲಿ ಯಾರಿದ್ದಾರೆಂದು ನೋಡದೆ ಹೇಳತೊಡಗುತ್ತಿದ್ದರು. ಒಬ್ಬಳು ತಾವರೆ ಕೊಳದಲ್ಲಿ ಸೊಂಟದವರೆಗೆ ಇಳಿದು ಗೆಡ್ಡೆ ಕೀಳುತ್ತಿದ್ದಳು, ಕೀಳುತ್ತಿದ್ದ ಹಾಗೆ ಅದು ಉದ್ದವಾಗುತ್ತಲೇ ಹೋಗಿತ್ತು. ಒಬ್ಬಳು ಸತ್ತುಹೋದ ಅಜ್ಜನ ಜೊತೆ ಕಡವಿನ ದೋಣಿಯಲ್ಲಿ ಕೂತಿದ್ದಳು. ಇನ್ನೊಬ್ಬಳು ಕಣ್ಣು ಬಿಡುವುದಕ್ಕೂ ಮೊದಲೇ ಅನ್ನ ತಳ ಹಿಡಿಯಿತು ಎಂದು ಅತ್ತಿದ್ದಳು, ಆಮೇಲೆ ತಾನೇ ನಕ್ಕಿದ್ದಳು. ಯುಲಿಯಾನ್ ಕೈ ಹಿಡಿದುಕೊಂಡು ಕೇಳುತ್ತಿದ್ದಳು. ಆಮೇಲೆ ಡಬ್ಬಿ ತೆರೆದು, ಮೆಲ್ಲನೆ, ಒಂದೊಂದಾಗಿ ತೋರಿಸುತ್ತಿದ್ದಳು. ಹೆಂಗಸರು ಹೂಂ ಎನ್ನುತ್ತಿದ್ದರು. ಗುಳಿಗೆ ತೆಗೆದುಕೊಳ್ಳುತ್ತೀಯಾ, ಹೂಂ. ದಿನವೂ ಮರೆಯದೆ ನುಂಗಬೇಕು, ಹೂಂ. ಇಷ್ಟು ಚೆನ್ನಾಗಿ ಕೇಳುವವರನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಡಾಕ್ಟರ್ ತಾವೊ ಕೂಡ ಖುಷಿಯಾಗಿದ್ದರು. "ನಿನ್ನ ಮಾತಿಗೆ ಬೇಡ ಅಂದೋರೇ ಇಲ್ಲವಲ್ಲ ಯುಲಿಯಾನ್. ಈ ವಿದ್ಯೆ ನಂಗೂ ಸ್ವಲ್ಪ ಹೇಳಿಕೊಡು, ಮನೇಲಿ ಗಂಡನ ಮೇಲೆ ಪ್ರಯೋಗ ಮಾಡ್ತೀನಿ," ಎಂದು ಹೋಗುತ್ತ ಹೋಗುತ್ತಲೇ ಹೇಳಿ ಹೋದರು.

ವಾನ್‌ಯಿಂಗ್ ಮೊದಲು ಬಂದದ್ದು ಆ ವಸಂತದಲ್ಲಿ. ತಾಮ್ರದ ತಂತಿ ಎಳೆಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗಿ, ಗಂಡ ಮರಳು ದೋಣಿಯ ಮೇಲೆ. ಹಿಂದೆ ಬೇರೆ ಊರಿನಲ್ಲಿ ಒಮ್ಮೆ ತೆಗೆಸಿಕೊಂಡಿದ್ದಳಂತೆ, ಇದು ಎರಡನೆಯದು. ಎಚ್ಚರವಾಗುವಾಗ ಅವಳು ಹೇಳಿದ ಕನಸು ಯುಲಿಯಾನಳ ಮನಸ್ಸಿನಲ್ಲಿ ನಿಂತುಬಿಟ್ಟಿತು. ತವರಿನ ಶುಂಠಿ ಅಟ್ಟದಲ್ಲಿ ನಿಂತಿದ್ದಳಂತೆ. ಬಿತ್ತನೆಯ ಶುಂಠಿಯನ್ನು ಮೊಳಕೆಗಿಟ್ಟು, ಕೆಳಗೆ ಸಣ್ಣ ಬೆಂಕಿ ಹಾಕಿ, ಹೊಗೆಯಲ್ಲಿ ಬೆಚ್ಚಗಿಡುವ ಮಣ್ಣಿನ ಕೋಣೆ ಅದು. ಹೊಗೆ ಹಾಲಿನ ಹಾಗೆ ಬೆಳ್ಳಗೆ ಮೇಲೇಳುತ್ತಿತ್ತು, ಮೊಳಕೆಗಳು ಸಣ್ಣ ದನಿಯಲ್ಲಿ ಪಿಸುಗುಡುತ್ತಿದ್ದವು, ಯಾರೋ ಹೊರಗಿನಿಂದ ಬಾಗಿಲು ಮೆಲ್ಲನೆ ಮುಚ್ಚುತ್ತಿದ್ದರು. ಹೆದರಿಕೆಯಾಯಿತಾ ಎಂದು ಯುಲಿಯಾನ್ ಕೇಳಿದ್ದಕ್ಕೆ, ಇಲ್ಲ, ಬೆಚ್ಚಗಿತ್ತು ಎಂದಳು. ಆಮೇಲೆ ಗುಳಿಗೆಯ ವಿಷಯಕ್ಕೆಲ್ಲ ಹೂಂ ಎಂದಳು. ಯುಲಿಯಾನ್ ಪೊಟ್ಟಣವನ್ನು ಅವಳ ಕೋಟಿನ ಜೇಬಿಗೆ ತನ್ನ ಕೈಯಾರೆ ಹಾಕಿದಳು.

ಶರತ್ಕಾಲದಲ್ಲಿ, ಶುಂಠಿ ಕೀಳುವ ದಿನಗಳಲ್ಲಿ, ವಾನ್‌ಯಿಂಗ್ ಮತ್ತೆ ಬಂದಳು. ಆಸ್ಪತ್ರೆಯ ಪಡಸಾಲೆಯಲ್ಲಿ ಹೆಸರು ಕೂಗಿದಾಗ ಯುಲಿಯಾನ್ ತಟ್ಟನೆ ಗುರುತು ಹಿಡಿದು, ನಕ್ಕು ಹತ್ತಿರ ಹೋದಳು. ಹುಡುಗಿ ಅವಳ ಮುಖವನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು.

"ನಾವು ಮುಂಚೆ ಎಲ್ಲಾದ್ರೂ ನೋಡಿದೀವಾ ಚಿಕ್ಕಮ್ಮ?"

ಯುಲಿಯಾನ್ ಗುಳಿಗೆಯ ಮಾತೆತ್ತಿದಳು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, ಹೌದು, ಕೋಟಿನ ಜೇಬಿನಲ್ಲಿ ಒಂದು ಪೊಟ್ಟಣ ಸಿಕ್ಕಿತ್ತು ಎಂದಳು. ರಕ್ತ ಹೆಚ್ಚಾಗಲಿ ಎಂದು ಆಸ್ಪತ್ರೆಯವರು ಕೊಟ್ಟ ಗುಳಿಗೆಯಿರಬೇಕೆಂದು ನಾಲ್ಕು ದಿನ ನುಂಗಿ, ಚಿಕ್ಕ ಬಾಣಂತನ ಮುಗಿದ ಮೇಲೆ ಬಿಟ್ಟುಬಿಟ್ಟಿದ್ದಳು. ಕನಸೂ ನೆನಪಿರಲಿಲ್ಲ. ಆ ಕೋಣೆಯಲ್ಲಿ ಯಾರೋ ತನ್ನ ಕೈ ಹಿಡಿದಿದ್ದರು ಎಂಬುದೂ ನೆನಪಿರಲಿಲ್ಲ.

ಡಾಕ್ಟರ್ ತಾವೊ ಸ್ಕ್ಯಾನ್ ಮಾಡಿ, ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಸುತ್ತಿ ಬಳಸದೆ ಹೇಳಿದರು. ಗರ್ಭಕೋಶದ ಒಳಪದರ ತೆಳುವಾಗಿದೆ. ಈ ಸಲ ಮಾಡಬಹುದು. "ಆದ್ರೆ ಇನ್ನೊಂದು ಸಲ ಹೀಗಾಗಿ ಬಂದ್ರೆ, ಆಮೇಲೆ ನೀನು ಬೇಕು ಅಂದಾಗ ಮಗು ನಿಲ್ಲತ್ತೆ ಅಂತ ನಾನು ಮಾತು ಕೊಡಲ್ಲಮ್ಮ."

ವಾನ್‌ಯಿಂಗ್ ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಯಾಕೆ ತೆಗೆಸುತ್ತೀಯ ಎಂದು ಯಾರೂ ಕೇಳಲಿಲ್ಲ, ಅವಳೇ ಹೇಳಿದಳು. ಇನ್ನು ಎರಡು ವರ್ಷಕ್ಕೆ ಗಂಡ ದೋಣಿ ಬಿಟ್ಟು ದಡದ ಕೆಲಸಕ್ಕೆ ಬರುತ್ತಾನೆ, ಆಗ ಮಗು ಬೇಕೇ ಬೇಕು. ಈಗ ದೋಣಿ ಬಂದಾಗ ಬಂತು, ಹೋದಾಗ ಹೋಯಿತು. ಮನೆಯಲ್ಲಿ ಇಲ್ಲದ ಗಂಡನಿಗಾಗಿ ದಿನವೂ ಜಾಗ್ರತೆ ಮಾಡುವುದು ಅವಳಿಗೆ ಎಂದೂ ಹೊಳೆದಿರಲಿಲ್ಲ. ಮಂಜು ಬಿದ್ದು ದೋಣಿಗಳು ನಿಂತರೆ, ಹೇಳದೆ ಕೇಳದೆ ಬಾಗಿಲಲ್ಲಿ ನಿಂತಿರುತ್ತಿದ್ದ.

ಎರಡು ದಿನ ಬಿಟ್ಟು ಬರಲು ಹೇಳಿ ಕಳಿಸಿದರು. ಮಾರನೆಯ ಬೆಳಿಗ್ಗೆ ಕಿಟಕಿಯ ಬಳಿ ನಿಂತಾಗ ಯುಲಿಯಾನಳಿಗೆ ಶುಂಠಿಯ ರುಚಿಯೇ ಹತ್ತಲಿಲ್ಲ. ದೋಣಿ ಕೂಗಿತು, ಇನ್ನೊಂದು ದೋಣಿ ಕೂಗಿತು. ಇಷ್ಟು ದಿನ ತಾನು ಕೇಳಿದ ಹೂಂಗಳೆಲ್ಲ ಹೆಂಗಸರದ್ದಲ್ಲ, ಸೂಜಿಯ ಮದ್ದಿನದು ಎಂದು ಅವಳಿಗೆ ಅನಿಸಿತು. ಮಂಜಿನಲ್ಲಿ ಕೂಗಿದ್ದನ್ನೇ ಉತ್ತರವೆಂದು ತಿಳಿದು ನಡೆದುಕೊಂಡ ಹಾಗೆ. ಅವಳು ಅವರ ಕನಸನ್ನು ಕೇಳಿಸಿಕೊಂಡಿದ್ದಳು, ಅವರನ್ನಲ್ಲ.

ಆಸ್ಪತ್ರೆಗೆ ಹೋದವಳೇ ಮೇಜನ್ನು ಎಳೆದು ಹೊರಗೆ ತಂದಳು. ಪಡಸಾಲೆಯ ಪಕ್ಕದಲ್ಲಿ ಹಳೆಯ ಹಾಸಿಗೆಗಳನ್ನು ತುಂಬಿಟ್ಟ ಒಂದು ಸಣ್ಣ ಕೋಣೆಯಿತ್ತು. ಅದನ್ನು ಖಾಲಿ ಮಾಡಿಸಿಕೊಂಡಳು. ಇನ್ನು ಮಾತೇನಿದ್ದರೂ ಸೂಜಿಗೆ ಮುಂಚೆ, ಕಣ್ಣು ನೆಟ್ಟಗೆ ತೆರೆದಿರುವಾಗ. ಮತ್ತೆ, ಮನೆಗೆ ಹೋಗಿ ಮೈ ಸುಧಾರಿಸಿಕೊಂಡು ತಿರುಗಿ ತೋರಿಸಲು ಬಂದಾಗ. ಎಚ್ಚರವಾಗುವ ಕೋಣೆಯಲ್ಲಿ ಬಿಸಿ ಕಷಾಯ ಮತ್ತು ಕನಸು, ಅಷ್ಟೇ. ಡಾಕ್ಟರ್ ತಾವೊ ಮೊದಲು ಗೊಣಗಿದರು. ಸರದಿ ಉದ್ದವಾಗುತ್ತದೆ, ಜನ ಬಯ್ಯುತ್ತಾರೆ, ಮೇಲಿನವರು ಎಷ್ಟು ಹೆಂಗಸರು ವರ್ಷಗಟ್ಟಲೆ ಉಳಿಯುವ ಉಪಾಯ ಮಾಡಿಸಿಕೊಂಡರು ಎಂದು ಕೇಳುತ್ತಾರೆ, ಅವರಿಗೆ ಹೇಳುವುದಕ್ಕೆ ಒಂದು ಸಂಖ್ಯೆ ಬೇಕು ಎಂದರು. ಯುಲಿಯಾನ್ ವಾನ್‌ಯಿಂಗಳ ಜೇಬಿನ ಗುಳಿಗೆಯ ಕಥೆ ಹೇಳಿದಳು. ಡಾಕ್ಟರ್ ಬಾಗಿಲಲ್ಲಿ ನಿಂತು ಕೇಳಿ, ಆಯಿತು, ಆ ಹಾಸಿಗೆಗಳನ್ನು ಎಲ್ಲಿಗೆ ಸಾಗಿಸುವುದು ಎಂದು ತಾವೇ ಆಳನ್ನು ಕರೆದರು.

ವಾನ್‌ಯಿಂಗ್ ಬಂದ ದಿನ ಜೊತೆಗೆ ಅವಳ ತಾಯಿ ಇದ್ದಳು. ಮೈಶಿಯಾಂಗ್ ಎಂದು ಹೆಸರು. ದಾತೊಂಗ್ ಕಡೆಯ ಶುಂಠಿ ಬೆಳೆಯುವ ಹೆಂಗಸು, ಉಗುರಿನ ಸಂದಿಯಲ್ಲಿ ಇನ್ನೂ ಹೊಲದ ಮಣ್ಣಿತ್ತು. ದೊಡ್ಡ ಫ್ಲಾಸ್ಕನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಷಾಯ ತಂದವರಿಗೆ ಪಕ್ಕದಲ್ಲಿ ಕೂರುವ ಹಕ್ಕು ಉಂಟು, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಯುಲಿಯಾನ್ ಮಗಳನ್ನು ಕೇಳಿದ್ದಕ್ಕೆಲ್ಲ ತಾಯಿ ಉತ್ತರ ಕೊಟ್ಟಳು. ಮುಟ್ಟು ಯಾವಾಗ ಬಂತು ಎಂಬುದಕ್ಕೂ ಅವಳೇ. ಯುಲಿಯಾನ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಗರ್ಭಕೋಶದ ವಂಕಿ ಅವಳ ಕಣ್ಣಿಗೆ ಬಿತ್ತು. ಆ ಕಡೆಯ ಹೆಂಗಸರು ಅದನ್ನು ಉಂಗುರ ಎನ್ನುತ್ತಾರೆ.

"ಉಂಗುರ ಗಿಂಗುರ ಏನೂ ಬೇಡ ಸಿಸ್ಟರ್. ನನ್ನ ಮಗಳ ಮೈಯೊಳಗೆ ಯಾರೂ ಏನೂ ಇಡೋದು ಬೇಡ."

ಈಗಿನದು ಹಳೆಯದರ ಹಾಗಲ್ಲ ಎಂದು ಹೇಳಲು ಯುಲಿಯಾನ್ ಬಾಯಿ ತೆರೆದಳು. ಆದರೆ ಎದುರಿನ ಮುಖ ಅಂಗಡಿಯ ಬಾಗಿಲಿನ ಹಾಗೆ ಮುಚ್ಚಿಕೊಂಡಿತ್ತು. ಮಗಳು ನೆಲ ನೋಡುತ್ತಿದ್ದಳು. ಯುಲಿಯಾನ್ ಡಬ್ಬಿಯನ್ನು ಮುಚ್ಚಿ ಪಕ್ಕಕ್ಕೆ ಸರಿಸಿ, ಫ್ಲಾಸ್ಕಿನ ಕಡೆ ನೋಡಿ, ಇದು ನಿಮ್ಮ ಹೊಲದ್ದೇ ಶುಂಠಿಯಾ ಅಕ್ಕ ಎಂದು ಕೇಳಿದಳು. ಮತ್ತೆ ಯಾರದು ಎಂದಳು ಮೈಶಿಯಾಂಗ್. ಪೇಟೆಯಲ್ಲಿ ಸಿಗುವುದು ಬರೀ ನಾರು, ಅದನ್ನು ತಿನ್ನುವ ಬದಲು ಪೊರಕೆ ಅಗಿಯಬಹುದು ಎಂದಳು. ವಾನ್‌ಯಿಂಗ್ ಮೊದಲ ಸಲ ನಕ್ಕಳು. ಈ ವರ್ಷದ ಮಳೆ, ಅಟ್ಟದ ಹೊಗೆ, ಮೊಳಕೆ ಕೊಳೆಯದ ಹಾಗೆ ನೋಡಿಕೊಳ್ಳುವುದು, ಹೀಗೆ ಮಾತು ಹೋಗುತ್ತಿದ್ದಾಗ ಒಳಗಿನಿಂದ ಹುಡುಗಿಯ ಹೆಸರು ಕೂಗಿದರು. ಉಳಿದ ಮಾತು ತಿರುಗಿ ಬಂದಾಗ ಆಡೋಣ, ಅಲ್ಲಿಯವರೆಗೆ ಇದಿರಲಿ ಎಂದು ಕಾಂಡೋಮಿನ ಪೊಟ್ಟಣವನ್ನು ಯುಲಿಯಾನ್ ಅವಳ ಕೈಗೇ ಕೊಟ್ಟಳು. ಹುಡುಗಿ ಅದೇನೆಂದು ನೋಡಿ ತಿಳಿದುಕೊಂಡು ಚೀಲಕ್ಕೆ ಹಾಕಿಕೊಂಡಳು.

ಆಮೇಲೆ ಆ ಸಣ್ಣ ಕೋಣೆಯಲ್ಲಿ ಇಬ್ಬರೇ ಉಳಿದರು. ಮಂಜು ಕಿಟಕಿಯ ಗಾಜಿಗೆ ಒರಗಿ ನಿಂತಿತ್ತು. ಯುಲಿಯಾನ್ ಏನೂ ಕೇಳಲಿಲ್ಲ. ಮೈಶಿಯಾಂಗ್ ಬಹಳ ಹೊತ್ತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದು, ಕೊನೆಗೆ ಗಾಜಿನ ಕಡೆ ನೋಡುತ್ತಲೇ ಹೇಳತೊಡಗಿದಳು.

ಈ ಹುಡುಗಿ ಹುಟ್ಟಿ ಇನ್ನೂ ಕುತ್ತಿಗೆ ನಿಂತಿರಲಿಲ್ಲ. ಮನೆಗೊಂದೇ ಮಗು ಎಂದು ಸರ್ಕಾರ ಕಟ್ಟಳೆ ಮಾಡಿದ್ದ ಕಾಲ. ಮಗು ಹೆತ್ತ ಹೆಂಗಸರೆಲ್ಲ ಊರ ಚಾವಡಿಗೆ ಬರಬೇಕೆಂದು ಕುಟುಂಬ ಯೋಜನೆಯವರು ಹೇಳಿಕಳಿಸಿದರು. ಮೊಲೆ ಕಚ್ಚಿದ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಹೋದಳು. ಸಾಲಾಗಿ ನಿಲ್ಲಿಸಿದರು, ಸಾಲಾಗಿ ಮಲಗಿಸಿದರು, ಉಂಗುರ ಇಟ್ಟರು. ಬೇಕಾ ಎಂದು ಕೇಳಲಿಲ್ಲ, ನೋಯುತ್ತದಾ ಎಂದೂ ಕೇಳಲಿಲ್ಲ. ಆಮೇಲೆ ಆಗಾಗ ಕರೆದು ಯಂತ್ರದ ಮುಂದೆ ನಿಲ್ಲಿಸಿ, ಉಂಗುರ ಇದ್ದ ಜಾಗದಲ್ಲೇ ಇದೆಯಾ ಎಂದು ನೋಡುತ್ತಿದ್ದರು. ಒಂದು ಸಲ ಅದು ಸರಿದು, ಬಸಿರು ನಿಂತುಬಿಟ್ಟಿತು. ಬಸಿರನ್ನು ತೆಗೆದುಹಾಕಿ, ಮತ್ತೆ ಉಂಗುರ ಇಟ್ಟರು. ಆ ಮಗುವಿಗಾಗಿ ಅವಳು ವರ್ಷಕ್ಕೊಮ್ಮೆ ಜಿಯುಹುವಾ ಬೆಟ್ಟ ಹತ್ತಿ, ಹುಟ್ಟದೆ ಹೋದವರನ್ನು ಕಾಯುವ ಕ್ಷಿತಿಗರ್ಭ ಬೋಧಿಸತ್ವನ ಮುಂದೆ ಧೂಪ ಹಚ್ಚಿ ಬರುತ್ತಾಳೆ. ಮಗಳ ಎರಡಕ್ಕೂ ಅವಳೇ ಹಚ್ಚಿದ್ದಾಳೆ. ಮೂರನೆಯದಕ್ಕೆ ಬೆಟ್ಟ ಹತ್ತಲು ಈಗ ಸೊಂಟ ಬಿಡುವುದಿಲ್ಲ.

ಯುಲಿಯಾನ್ ಕೇಳುತ್ತಲೇ ಇದ್ದಳು. ಮಾತು ನಿಂತ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು. ಆ ಉಂಗುರ ಯಾವಾಗ ತೆಗೆಸಿದಿರಿ ಅಕ್ಕ?

"ತೆಗೆಯೋದು ಯಾರು? ಇಟ್ಟೋರು ನಮ್ಮೂರಿನ ಕಚೇರಿ ಮುಚ್ಚಿಕೊಂಡು ಹೋದ್ರು," ಎಂದಳು ಮೈಶಿಯಾಂಗ್. "ಅದು ಇದ್ದಲ್ಲೇ ಇದೆ. ನಾನು ಸತ್ತ ಮೇಲೆ ಬೂದಿ ಜರಡಿ ಹಿಡಿದ್ರೆ ನಿಂಗೊಂದು ಉಂಗುರ ಸಿಗತ್ತೆ, ಅಷ್ಟಕ್ಕೇ ಇನ್ನೊಂದು ಮದ್ವೆ ಆಗ್ಬೇಡ ಅಂತ ಗಂಡನ ಹತ್ರ ಹೇಳ್ತಿರ್ತೀನಿ."

ಇಬ್ಬರೂ ನಕ್ಕರು. ಮುಟ್ಟು ನಿಂತು ಎರಡು ವರ್ಷವಾಗಿದೆ ಎಂದು ತಿಳಿದಾಗ, ಯುಲಿಯಾನ್ ಸಮಾಧಾನವಾಗಿಯೇ ಹೇಳಿದಳು. ಮುಟ್ಟು ನಿಂತ ಮೇಲೆ ಅದನ್ನು ಒಳಗೆ ಇಟ್ಟುಕೊಳ್ಳಬಾರದು. ಸೊಂಟದ ನೋವು ಅದರಿಂದಲೇ ಇರಲೂಬಹುದು, ಇಲ್ಲದೆಯೂ ಇರಬಹುದು. ಡಾಕ್ಟರ್ ನೋಡಿ ಹೇಳುತ್ತಾರೆ, ಇಲ್ಲೇ ತೆಗೆಯುತ್ತಾರೆ. ಕೆಲವು ದಿನ ಮೊದಲೇ ಮದ್ದು ಕೊಟ್ಟು ಮೆತ್ತಗೆ ಮಾಡಿ ತೆಗೆಯುತ್ತಾರೆ.

ಮೈಶಿಯಾಂಗ್ ಫ್ಲಾಸ್ಕನ್ನು ಮೈಗೆ ಹತ್ತಿರ ಎಳೆದುಕೊಂಡಳು.

"ಬೇಡ ಅಂದ್ರೆ?"

"ಬೇಡ ಅಂದ್ರೆ ಇಲ್ಲ. ಮಗಳಿಗೆ ಕಷಾಯ ಕುಡಿಸಿ ಮನೆಗೆ ಕರ್ಕೊಂಡು ಹೋಗಿ."

"ಮನೆ ಬಾಗಿಲಿಗೆ ಯಾರನ್ನಾದ್ರೂ ಕಳಿಸ್ತೀರಾ?"

"ಯಾರೂ ಬರಲ್ಲ ಅಕ್ಕ."

ಮೈಶಿಯಾಂಗ್ ಆ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ರುಚಿ ನೋಡುವವಳ ಹಾಗೆ ಕೂತಿದ್ದಳು. ಹಾಗಾದರೆ ಬೇಡ, ಎಂದಳು. ಯುಲಿಯಾನ್ ಆಗಲಿ ಎಂದಳು. ಅಷ್ಟು ಹೊತ್ತಿಗೆ ಪಕ್ಕದ ಕೋಣೆಗೆ ವಾನ್‌ಯಿಂಗಳನ್ನು ತಂದು ಮಲಗಿಸಿದ್ದಾರೆಂದು ಕರೆ ಬಂತು.

ಹುಡುಗಿಯ ಮುಖ ಆಳ ನೀರಿನಿಂದ ಮೇಲೆ ತೇಲಿ ಬರುವ ಹಾಗೆ ನಿಧಾನವಾಗಿ ಎಚ್ಚರಕ್ಕೆ ಬಂತು. ಕಣ್ಣು ಮುಚ್ಚಿಕೊಂಡೇ ಅವಳು ಹೇಳತೊಡಗಿದಳು. ಅಮ್ಮ ಚಿಕ್ಕವಳಾಗಿದ್ದಳು. ಕೂದಲು ಮೊಣಕಾಲಿನವರೆಗೆ ಇತ್ತು, ಎಷ್ಟು ಕಪ್ಪು. ಹೊಳೆಯ ದಡದಲ್ಲಿ ಕೂತು ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆ ನೀರಿಗೆ ಬಿತ್ತು. ನಾನು ತಂದುಕೊಡಲಾ ಎಂದು ಕೇಳಿದೆ. ಬೇಡ, ಅದು ತಾನೇ ಬರುತ್ತದೆ ಎಂದಳು. ನಿಜವಾಗಿ ತಾನೇ ತೇಲಿ ಬಂತು.

ಮೈಶಿಯಾಂಗ್ ಮಗಳ ತಲೆಯನ್ನು ಎದೆಗೆ ಒರಗಿಸಿಕೊಂಡು, ಫ್ಲಾಸ್ಕಿನ ಮುಚ್ಚಳದಲ್ಲಿ ಕಷಾಯ ಬಗ್ಗಿಸಿ, ಊದಿ ಊದಿ ಕುಡಿಸಿದಳು. ಯುಲಿಯಾನ್ ಡಬ್ಬಿಯನ್ನು ತರಲಿಲ್ಲ. ಹುಡುಗಿಯ ಕಾಲಿನ ಹತ್ತಿರ ಹೊದಿಕೆ ಸರಿಮಾಡಿ, ತಿರುಗಿ ಬರುವ ದಿನವನ್ನು ಇಬ್ಬರಿಗೂ ಹೇಳಿದಳು.

ಹೊಲದ ಶುಂಠಿಯೆಲ್ಲ ಮನೆಗೆ ಬಂದ ಮೇಲೆ, ಒಂದು ಬೆಳಿಗ್ಗೆ ಮೈಶಿಯಾಂಗ್ ಒಬ್ಬಳೇ ಬಸ್ಸಿಳಿದು ಆಸ್ಪತ್ರೆಗೆ ಬಂದಳು. ಯಾರೂ ಕರೆದಿರಲಿಲ್ಲ. ಬಾಗಿಲಲ್ಲಿ ನಿಂತು, ಬಂದದ್ದು ಬಂದಿದ್ದೇನೆ, ತೋರಿಸಿಯೇ ಹೋಗುತ್ತೇನೆ ಎಂದಳು. ಆದರೆ ಒಳಗೆ ಮಲಗಿದ ಮೇಲೂ ಬೇಡ ಅನ್ನಬಹುದಾ ಎಂದು ಕೇಳಿದಳು. ಅನ್ನಬಹುದು ಎಂದಳು ಯುಲಿಯಾನ್. ಮದ್ದು ಕೊಟ್ಟು ಕಳಿಸಿ, ಮುಂದಿನ ವಾರ ಡಾಕ್ಟರ್ ತಾವೊ ಆ ಉಂಗುರವನ್ನು ತೆಗೆದರು. ಸ್ವಲ್ಪ ಕಷ್ಟವಾಯಿತು. ಅಷ್ಟು ಹೊತ್ತೂ ಯುಲಿಯಾನ್ ಅವಳ ಕೈ ಬಿಡಲಿಲ್ಲ, ಅವಳೂ ಬೇಡ ಎನ್ನಲಿಲ್ಲ. ನನಗೆ ತೋರಿಸಿ ಎಂದು ಕೇಳಿ, ಬಟ್ಟಲಿನಲ್ಲಿ ಬಿದ್ದಿದ್ದ ಉಕ್ಕಿನ ಸಣ್ಣ ಸುರುಳಿಯನ್ನು ನೋಡಿದಳು. ಪರದೆಯ ಕೊಕ್ಕೆಗೆ ಹಾಕುವ ಬಳೆಗಿಂತ ಚಿಕ್ಕದು.

"ಇಷ್ಟೇನಾ," ಎಂದಳು. "ನಾನು ಇನ್ನೂ ದೊಡ್ಡದು ಅಂದ್ಕೊಂಡಿದ್ದೆ."

ಮನೆಗೆ ಒಯ್ಯುತ್ತೀರಾ ಎಂದು ಡಾಕ್ಟರ್ ಕೇಳಿದ್ದಕ್ಕೆ ತಲೆಯಾಡಿಸಿ ಬೇಡ ಎಂದಳು. ಆವತ್ತಿನಿಂದ ಯುಲಿಯಾನಳನ್ನು ಸಿಸ್ಟರ್ ಎನ್ನುವುದು ಬಿಟ್ಟು ತಂಗಿ ಎನ್ನತೊಡಗಿದಳು.

ವಾನ್‌ಯಿಂಗ್ ತಿರುಗಿ ತೋರಿಸಲು ಬರುವ ದಿನ ಒಂದು ಸಲ ತಪ್ಪಿತು. ಯುಲಿಯಾನ್ ಎರಡು ದಿನ ಚಡಪಡಿಸಿದಳು, ಫೋನು ಮಾಡಿದಳು, ಕಾರ್ಖಾನೆಯಲ್ಲಿ ಪಾಳಿ ಬದಲಾಗಿತ್ತಂತೆ. ಅಂತೂ ತಾಯಿಮಗಳು ಇಬ್ಬರೂ ಬಂದರು. ಒಳಪದರ ಸುಧಾರಿಸುತ್ತಿದೆ, ಈಗ ಅದಕ್ಕೆ ಬಿಡುವು ಬೇಕು, ಅಷ್ಟೇ ಎಂದರು ಡಾಕ್ಟರ್ ತಾವೊ. ಮೂವರೂ ಸಣ್ಣ ಕೋಣೆಯಲ್ಲಿ ಕೂತರು. ಯುಲಿಯಾನ್ ಡಬ್ಬಿ ತೆರೆದು ಹುಡುಗಿಯ ಮುಂದಿಟ್ಟಳು. ಈ ಸಲ ತಾಯಿ ಬಾಯಿ ಹಾಕಲಿಲ್ಲ, ಆದರೆ ಸುಮ್ಮನಿರಲು ಅವಳಿಗೆ ಬಹಳ ಶ್ರಮವಾಗುತ್ತಿರುವುದು ಕಾಣುತ್ತಿತ್ತು.

ವಾನ್‌ಯಿಂಗ್ ಒಂದೊಂದನ್ನೂ ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು, ಕೇಳಬೇಕಾದ್ದನ್ನೆಲ್ಲ ಕೇಳಿದಳು. ಗುಳಿಗೆ ತನ್ನಿಂದ ಆಗದು, ಪಾಳಿಯ ಕೆಲಸದಲ್ಲಿ ಮರೆತೇಹೋಗುತ್ತದೆ. ಕಾಂಡೋಮು ಗಂಡನ ಮನಸ್ಸಿಗೆ ಬಿಟ್ಟದ್ದು, ಅವನೋ ಮಂಜಿನ ಹಾಗೆ ಬಂದು ನಿಲ್ಲುವವನು. ಉಂಗುರವನ್ನು ಅಂಗೈಯಲ್ಲಿ ಬಹಳ ಹೊತ್ತು ಇಟ್ಟುಕೊಂಡು, ಈಗಿನದು ಬೇರೆ ಎಂದು ಗೊತ್ತು, ಆದರೂ ಅದರ ಕಥೆ ಕೇಳಿಕೊಂಡೇ ಬೆಳೆದವಳು ನಾನು, ರಾತ್ರಿ ನಿದ್ದೆ ಬರಲಿಕ್ಕಿಲ್ಲ ಎಂದಳು. ತೋಳಿನ ಕಡ್ಡಿಯ ಬಗ್ಗೆ ಎರಡು ಸಲ ಕೇಳಿದಳು. ಮೂರು ವರ್ಷ ಇರುತ್ತದೆ ನಿಜ, ಆದರೆ ಅದಕ್ಕೂ ಮುಂಚೆ ಮಗು ಬೇಕೆನಿಸಿದ ದಿನ ಬಂದು ತೆಗೆಸಬಹುದಾ? ತೆಗೆಸಬಹುದು. ಬೇಕು ಎಂದಾಗ ಯಾಕೆ ಎಂದು ಯಾರಾದರೂ ಕೇಳುತ್ತಾರಾ? ಕೇಳುವುದಿಲ್ಲ. ಮುಟ್ಟು ಏರುಪೇರಾಗಬಹುದು, ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಇಲ್ಲವೇ ಇಲ್ಲ ಎಂಬ ಹಾಗೆ. ಅದು ಆಗದು ಎನಿಸಿದರೂ ಬರಬಹುದು ಎಂದು ಯುಲಿಯಾನ್ ಅದನ್ನೂ ಹೇಳಿದಳು.

"ನಂಗೆ ಇದು ಚಿಕ್ಕಮ್ಮ," ಎಂದಳು ವಾನ್‌ಯಿಂಗ್, ಕಡ್ಡಿಯ ಮೇಲೆ ಬೆರಳಿಟ್ಟು. ಕಣ್ಣು ನೆಟ್ಟಗೆ ತೆರೆದಿತ್ತು. ರಕ್ತದೊತ್ತಡ ನೋಡಿಸಿಕೊಂಡು ಬರುತ್ತೇನೆಂದು ಎದ್ದು ಹೋದಳು.

ಅವಳು ಹೋದದ್ದೇ ತಡ, ಮೈಶಿಯಾಂಗ್ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. ಅಷ್ಟು ದಿನ ಹೇಗೆ ಋಣ ತೀರಿಸಲಿ ಎಂದು ಯೋಚಿಸುತ್ತಿದ್ದವಳಿಗೆ ದಾರಿ ಸಿಕ್ಕಿದ ಹಾಗೆ ಮುಖ ಅರಳಿತ್ತು.

"ತಂಗಿ, ನಿಂಗೂ ಮೇಲಿನೋರಿಗೆ ಲೆಕ್ಕ ಕೊಡೋದು ಇರತ್ತೆ, ನಂಗೊತ್ತು. ಆ ಕಾಲದಲ್ಲಿ ನಮ್ಮೂರಲ್ಲಿ ಉಂಗುರ ಹಾಕಿಸ್ತಿದ್ದ ಹೆಂಗಸರ ಮುಖ್ಯಸ್ಥೆ ಲೆಕ್ಕ ಸಾಲಲಿಲ್ಲ ಅಂತ ನನ್ನ ಮುಂದೇನೇ ಅತ್ತಿದ್ಳು ಪಾಪ. ಈ ಕಡ್ಡಿಗಿಂತ ಉಂಗುರಾನೇ ಅವರಿಗೆ ಇಷ್ಟ ಅಲ್ವಾ? ನೀನು ಒಂದು ಮಾತು ಹೇಳು. ಇವಳು ನನ್ನ ಮಾತು ಮೀರಲ್ಲ. ಉಂಗುರಾನೇ ಹಾಕಿಸ್ತೀನಿ. ನನ್ನ ತಮ್ಮನ ಇಬ್ಬರು ಸೊಸೇರನ್ನೂ ಕರ್ಕೊಂಡು ಬರ್ತೀನಿ, ಅವರೂ ನನ್ನ ಮಾತು ಕೇಳ್ತಾರೆ."

ಲೆಕ್ಕ ಇಲ್ಲದೆ ಏನೂ ಇರಲಿಲ್ಲ. ಮೊನ್ನೆ ಕೂಡ ಡಾಕ್ಟರ್ ತಾವೊ, ಈ ತಿಂಗಳು ಸಂಖ್ಯೆ ಸ್ವಲ್ಪ ತೆಳುವಾಗಿದೆ, ಅವರು ಕೇಳಿದರೆ ಏನು ಹೇಳಲಿ ಎಂದು ಓಡಾಡುತ್ತಲೇ ಹೇಳಿದ್ದರು. ಎಚ್ಚರದಲ್ಲಿರುವ ಹೆಂಗಸರು ಬೇಡ ಎನ್ನುತ್ತಾರೆ, ಯೋಚಿಸುತ್ತೇನೆ ಎನ್ನುತ್ತಾರೆ, ಗಂಡನನ್ನು ಕೇಳುತ್ತೇನೆ ಎನ್ನುತ್ತಾರೆ. ಹೂಂ ಎನ್ನುವವರು ಕಡಿಮೆ. ಯುಲಿಯಾನ್ ಎದುರಿನ ಮುಖವನ್ನು ನೋಡಿದಳು. ಅದರಲ್ಲಿ ಪ್ರೀತಿಯ ಹೊರತು ಏನೂ ಇರಲಿಲ್ಲ. ಮೇಜಿನ ಮೇಲಿದ್ದ ಮಣ್ಣು ಹತ್ತಿದ ಕೈಯನ್ನು ಅವಳು ಎರಡೂ ಕೈಯಿಂದ ಹಿಡಿದುಕೊಂಡಳು.

"ಬೇಡಕ್ಕ," ಎಂದಳು. "ಅವಳು ಬಾಯಿಬಿಟ್ಟು ಹೇಳಿದ್ದಾಳೆ. ಅದರ ಮೇಲೆ ನೀವೂ ಮಾತಾಡೋದು ಬೇಡ, ನಾನೂ ಬೇಡ. ನಿಮ್ಮ ತಮ್ಮನ ಸೊಸೇರಿಗೆ ಈ ಕೋಣೆ ಎಲ್ಲಿದೆ ಅಂತ ಮಾತ್ರ ಹೇಳಿ. ಕರ್ಕೊಂಡು ಬರ್ಬೇಡಿ."